16 ಹುಡುಗ್ರು, 18 ಹೀಟ್, ಒಂದ್ ರೋಹಿಣಿ ಮಳಿ: ಅರ್ಧಕ್ಕ ನಿಂತ ಕ್ವಾಲಿಫೈಯರ್‌ದ ಪೂರಾ ಹಿಸಾಬ್

ಮೇ ತಿಂಗಳ ಕಡೀ ರವಿವಾರ ಸಂಜಿಮುಂದ ಕಲಬುರಗಿ ಹೊರಗ ಆಳಂದ ರೋಡ್ ಕಡಿ ಒಂದ್ ಖಾಲಿ ಲೇಔಟಿನಾಗ 16 ಹುಡುಗರ ಸೈಕಲ್ ರೇಸ್ ಇಟ್ಟಿದ್ವಿ. 20 ಹೀಟ್ (ಒಂದ್ ಸಲಕ್ಕ ನಾಕು ಮಂದಿ ಓಡೋ ಸಣ್ಣ ರೇಸ್) ಓಡಿಸಿ ಮ್ಯಾಲಿನ ನಾಕು ಮಂದಿನ ಮುಂದಿನ ರವಿವಾರ ಬೀದರಕ್ಕ ಕಳಿಸ್ಬೇಕಿತ್ತು, ಅಲ್ಲಿ ಬೀದರದವರು 8, ಯಾದಗಿರಿಯವರು 4, ನಮ್ಮವರು 4, ಹಿಂಗ ಮತ್ತ 16 ಆಗ್ತಿದ್ರು. 18 ಹೀಟ್ ಮುಗದ್ವು, 19ನೇದು ಎರಡ್ನೇ ತಿರುವಿನಾಗ ನಿಂತ್ತು, ಮಳಿ ಜಡೀತು, ನಾಕನೇ ಜಾಗ ಯಾರದು ಅಂತ ತಕರಾರು ಎದ್ದಿತು. ಎರಡೂ ಕಡಿಯವರ ಮಾತಿನಾಗ ಖರೇ ಇತ್ತು, ಅದಕ್ಕೇ ಅದು ಬಗೀಹರೀಲಾಕ ಒಂದ್ ರಾತ್ರಿ ಹಿಡೀತು. ಆಮ್ಯಾಲ ಭಾಳ ಮಂದಿ ಫೋನ್ ಮಾಡಿ ಕೇಳಿದ್ರು, ಒಬ್ಬೊಬ್ಬರಿಗೆ ಅರ್ಧರ್ಧ ಗೊತ್ತದ, ಅದಕ್ಕ ಪಾಯಿಂಟ್ ಸಮೇತ ಪೂರಾ ಬರೀಲಾಕತ್ತೀನಿ. ಹುಡುಗರ ಹೆಸರು ಬರ್ಯಂಗಿಲ್ಲ, ಬೆನ್ನಿನ ಮ್ಯಾಲಿನ ನಂಬರ್ ಹಿಡದೇ ಹೇಳ್ತೀನಿ.

ಮೊದ್ಲ ಈ ಪದ್ಧತಿ ಎಲ್ಲಿಂದ ಬಂತು ಅನ್ನೋದು. ನಂದು ಟೂ ವೀಲರ್ ಗ್ಯಾರೇಜ್ ಅದ. ಐದಾರು ವರ್ಷದ ಹಿಂದ ಒಂದ್ ರಾತ್ರಿ ಫೋನಿನಾಗ ಪೋಲೆಂಡಿನ ಸ್ಪೀಡ್‌ವೇ ಅನ್ನೋ ಮೋಟರ್‌ಸೈಕಲ್ ರೇಸ್ ನೋಡಿದೆ, ಅವತ್ತಿಂದ ಬಿಟ್ಟಿಲ್ಲ. 500 ಸಿಸಿ ಸಿಂಗಲ್ ಸಿಲಿಂಡರ್ ಇಂಜಿನ್, ಒಂದೇ ಗೇರ್, ಪೆಟ್ರೋಲ್ ಬದ್ಲಿ ಮೆಥನಾಲ್, ಬ್ರೇಕ್ ಅನ್ನೋದೇ ಇಲ್ಲ. ಗಾಡಿ 77 ಕೆಜಿಗಿಂತ ಕಮ್ಮಿ ಇರಬಾರ್ದು ಅಂತ ನಿಯಮ, ಅಂದ್ರ ನಮ್ಮ ಸ್ಪ್ಲೆಂಡರ್‌ಗಿಂತ ಎಷ್ಟೋ ಹಗುರ. ನಾಕು ಗಾಡಿ, ನಾಕು ಸುತ್ತು, ಮಣ್ಣಿನ ಟ್ರ್ಯಾಕ್, ಯಾವತ್ತೂ ಎಡಕ್ಕೇ ತಿರುಗೋದು, ಒಂದ್ ನಿಮಿಷದಾಗ ಎಲ್ಲಾ ಮುಗದಿರ್ತದ. ತಿರುವಿಗೆ ಬಂದಾಗ ಎಕ್ಸಿಲೇಟರ್ ಬಿಡಂಗಿಲ್ಲ, ಹಿಂದಿನ ಗಾಲಿ ಹೊರಗ ಜಾರಸ್ತಾರ, ಮುಂದಿನ ಗಾಲಿ ಬಲಕ್ಕ ತಿರುಗಿರ್ತದ ಆದ್ರ ಗಾಡಿ ಎಡಕ್ಕ ಹೊಂಟಿರ್ತದ, ಎಡಗಾಲಿಗೆ ಉಕ್ಕಿನ ತಳ ಹಾಕಿರ್ತಾರ, ಅದು ನೆಲಕ್ಕ ತಿಕ್ಕೋತ ಹೋಗ್ತದ. ಬ್ರೇಕ್ ಇಲ್ಲಂದ್ರ ಕೇಳ್ದವರಿಗೆ ಅಂಜಿಕಿ ಬರ್ತದ, ಖರೇ ನೋಡಿದ್ರ ಅದೇ ಅಲ್ಲಿ ಕಾಯೋದು, ಮುಂದಿನವ ಒಮ್ಮಿಗೇ ನಿಲ್ಲಂಗಿಲ್ಲ ಅಂತ ಹಿಂದಿನವನಿಗೆ ಗೊತ್ತಿರ್ತದ.

ಗಾಡಿಗಿಂತ ಹೆಚ್ಚು ನನ್ನ ಹಿಡದಿದ್ದು ಅವರ ಚಾರ್ಟ್. ಮೊದ್ಲು ಬಂದವನಿಗೆ 3, ಎರಡ್ನೇದಕ್ಕ 2, ಮೂರ್ನೇದಕ್ಕ 1, ಕಡಿಯವನಿಗೆ ಸೊನ್ನಿ. 16 ಮಂದಿ, 20 ಹೀಟ್, ಒಬ್ಬೊಬ್ಬನಿಗೆ ಐದು ರೇಸ್, ಎಲ್ಲಾ ಗೆದ್ರ 15 ಪಾಯಿಂಟ್. ನಾಕು ಮಂದಿ ಓಡಿದ್ರ ಒಂದ್ ಹೀಟಿನಾಗ ಆರು ಜೋಡಿ ಎದುರಾಗ್ತಾವ, 20 ಹೀಟಿಗೆ 120 ಜೋಡಿ. 16 ಮಂದ್ಯಾಗ ಒಟ್ಟು ಎಷ್ಟು ಜೋಡಿ ಆಗ್ತಾವ ಅಂತ ಗುಣಿಸಿ ನೋಡ್ರಿ, 16 ಇಂಟು 15, ಅದರ ಅರ್ಧ, ಅದೂ 120. ಅಂದ್ರ ಪ್ರತಿಯೊಬ್ಬ ಉಳದ ಹದಿನೈದೂ ಮಂದಿಗೆ ಬರೋಬರಿ ಒಂದೇ ಸಲ ಎದುರಾಗ್ತಾನ, ಒಂದ್ ಜೋಡಿನೂ ಉಳಿಯಂಗಿಲ್ಲ, ಒಂದೂ ಎರಡ್ ಸಲ ಬರಂಗಿಲ್ಲ. ನಾನು ಬಿಲ್ ಬುಕ್ಕಿನ ಹಿಂದ ಬರದು ಒಂದೊಂದೇ ಹೊಡದು ನೋಡಿದೆ, ಕಡೀ ಜೋಡಿ ಕಡೀ ಹೀಟಿನಾಗ ಬಂದು ಕುಂತಾಗ ಆದ ಖುಷಿ ಇಂಜಿನ್ ಕೆಲ್ಸ ಮುಗಿಸಿ ಒಂದೇ ಕಿಕ್ಕಿಗೆ ಗಾಡಿ ಚಾಲೂ ಆದ್ರೂ ಬರಂಗಿಲ್ಲ. "ನನಗ ಬಿರುಸಿನವರು ಬಂದ್ರು, ಅವನಿಗೆ ಮೆತ್ತಗಿನವರು ಬಂದ್ರು" ಅಂತ ಯಾರೂ ಅನ್ನಂಗಿಲ್ಲ. ನಮ್ಮ ಕಡಿ ಕಬಡ್ಡಿ ಆಗ್ಲಿ ಕ್ರಿಕೆಟ್ ಆಗ್ಲಿ ಚೀಟಿ ಎತ್ತಿ ನಾಕೌಟ್ ಇಡ್ತೀವಿ, ಛಲೋ ಹುಡುಗ ಮೊದಲ್ನೇ ರೌಂಡಿನಾಗೇ ಇನ್ನೊಬ್ಬ ಛಲೋ ಹುಡುಗನ ಕೈಯಾಗ ಸಿಕ್ಕು ಮನಿಗೆ ಹೋಗ್ತಾನ. ಅದನ್ನ ನೋಡಿ ನೋಡಿ ಸಾಕಾಗಿತ್ತು ನನಗ.

ಈ ಚಾರ್ಟಿನಾಗ ಇನ್ನೊಂದ್ ಗುಣ ಅದ, ಈ ಪ್ರಕರಣಕ್ಕ ಅದೇ ಮುಖ್ಯ. ನಾಕು ನಾಕು ಹೀಟಿಗೆ ಒಂದ್ ಸುತ್ತು (ಟ್ರ್ಯಾಕಿನ ಸುತ್ತಲ್ಲ, 16 ಮಂದೀದೂ ಒಂದೊಂದು ರೇಸ್) ಮುಗೀತದ. 4, 8, 12, 16, 20, ಈ ಹೀಟ್ ಮುಗದಾಗ ಅಷ್ಟೇ ಎಲ್ಲರದೂ ರೇಸ್ ಸಂಖ್ಯಾ ಸಮ ಇರ್ತದ. ನಡುವ ಎಲ್ಲಿ ನಿಂತ್ರೂ ಕೆಲವರು ಒಂದ್ ರೇಸ್ ಹೆಚ್ಚು ಓಡಿರ್ತಾರ, ಕೆಲವರು ಒಂದ್ ಕಮ್ಮಿ. ನಾವು ನಿಂತಿದ್ದು 18ಕ್ಕ.

ಮೋಟರ್‌ಸೈಕಲ್ ಇಲ್ಲಿ ಆಗೋ ಮಾತಲ್ಲ, ಸೈಕಲ್ ಆಗ್ತದ. ಇದೂ ನಾವು ಕಂಡು ಹಿಡದಿದ್ದಲ್ಲ, ಎರಡ್ನೇ ಮಹಾಯುದ್ಧ ಮುಗದ ಮ್ಯಾಲ ಇಂಗ್ಲೆಂಡಿನಾಗ ಬಾಂಬ್ ಬಿದ್ದು ಖಾಲಿ ಆದ ಜಾಗದಾಗ ಹುಡುಗ್ರು ಸೈಕಲ್ ಮ್ಯಾಲ ಸ್ಪೀಡ್‌ವೇ ಆಡ್ಲಾಕ ಶುರು ಮಾಡಿದ್ರು, ಇವತ್ತಿಗೂ ಸೈಕಲ್ ಸ್ಪೀಡ್‌ವೇ ಅಂತ ಆಟ ಅದ, ಅಲ್ಲೂ ಒಂದೇ ಗೇರ್, ಬ್ರೇಕ್ ಇಲ್ಲ, ನಾಕು ಮಂದಿ ನಾಕು ಸುತ್ತು. ನಮ್ಮ ಹುಡುಗ್ರ ಹತ್ರ ಇದ್ದಿದ್ದು ಹಳೀ ಸೈಕಲ್, ಎಂಟನೇ ಇಯತ್ತೆದಾಗ ಸರ್ಕಾರದಿಂದ ಅಣ್ಣಂದೋ ಅಕ್ಕಂದೋ ಬಂದಿದ್ದು, ಮಡ್ಗಾರ್ಡ್, ಕ್ಯಾರಿಯರ್, ಸ್ಟ್ಯಾಂಡ್ ಎಲ್ಲಾ ಬಿಚ್ಚಿ ಹಗುರ ಮಾಡಿದ್ವಿ. ಟ್ರ್ಯಾಕ್ ಹೆಜ್ಜಿ ಹಾಕಿ ಅಳತಿ ಮಾಡಿದ್ದು, ಸುಮಾರು 80 ಮೀಟರ್ ಸುತ್ತು. ಹೆಲ್ಮೆಟ್ ಎಲ್ಲರಿಗೂ ಕಡ್ಡಾಯ, ಗ್ಯಾರೇಜಿಗೆ ಬರೋ ಗಿರಾಕಿಗಳ ಹತ್ರ ಕೇಳಿ ತಂದಿದ್ವಿ. ಹೆಲ್ಮೆಟ್ಟಿಗೆ ಕೆಂಪು, ನೀಲಿ, ಬಿಳಿ, ಹಳದಿ ಬಟ್ಟಿ, ಸ್ಪೀಡ್‌ವೇದಾಗ ಇದ್ದಂಗೇ, ದೂರ ನಿಂತವರಿಗೆ ಯಾರು ಯಾರು ಅಂತ ತಿಳೀಬೇಕಲ್ಲ.

ರೇಸ್ ಶುರು ಮಾಡೋ ಗೇಟ್ ಮಾತ್ರ ನಾನೇ ಕುಂತು ಮಾಡಿದ್ದು. ಎರಡ್ ಕಬ್ಬಿಣದ ಪೈಪ್ ಹುಗದು, ಟೇಲರ್ ಅಂಗಡಿ ಇಲಾಸ್ಟಿಕ್ ಎರಡ್ ಎಳಿ ಅಡ್ಡ ಕಟ್ಟಿ, ಅದರ ತುದಿ ಒಂದ್ ಕೊಂಡಿಗೆ ಸಿಗಸಿ, ಆ ಕೊಂಡಿಗೆ ಹಳೀ ಬೈಕಿನ ಕ್ಲಚ್ ವಾಯರ್ ಹಾಕಿದೆ. ಕ್ಲಚ್ ಲಿವರ್ ನನ್ನ ಕೈಯಾಗ. ಹಿಡದ್ರ ಕೊಂಡಿ ಬಿಡ್ತದ, ಟೇಪ್, ಅಂದ್ರ ಆ ಇಲಾಸ್ಟಿಕ್, ಚಟ್ ಅಂತ ಮ್ಯಾಲ ಹಾರ್ತದ. ಟೇಪ್ ಏಳೋ ಮೊದ್ಲು ಯಾರ ಗಾಲಿ ಮುಟ್ಟಿದ್ರೂ ಅವ ಆ ಹೀಟಿನಿಂದ ಹೊರಗ, ಇದು ವರ್ಲ್ಡ್ ಚಾಂಪಿಯನ್‌ಶಿಪ್‌ದಾಗ ಇರೋ ನಿಯಮ, ನಾವೂ ಅದನ್ನೇ ಇಟ್ವಿ. ಅಲ್ಲಿ ಹೊರಗ ಹೋದವನ ಬದ್ಲಿ ರಿಸರ್ವ್ ಓಡ್ತಾನ, 17 ಮತ್ತ 18 ನಂಬರ್ ಹಾಕ್ಕೊಂಡು ಇಬ್ರು ಕುಂತಿರ್ತಾರ. ನಮ್ಮ ಹತ್ರ ರಿಸರ್ವ್ ಇರ್ಲಿಲ್ಲ, ಉಳದ ಮೂವರೇ ಓಡ್ಬೇಕು ಅಂತ ಮೊದ್ಲೇ ಹೇಳಿದ್ವಿ.

ನೆಲದ ಮಾತೂ ಹೇಳ್ಬೇಕು. ಕಲಬುರಗಿ ಎರಿ ಮಣ್ಣಿನ ಊರು. ಲೇಔಟ್ ಮಾಡಿದವರು ಮ್ಯಾಲ ಮುರುಮ್ ಹಾಕಿದ್ರು, ಅದರ ಮ್ಯಾಲೇ ನಮ್ಮ ಟ್ರ್ಯಾಕ್. ಒಣಾ ಇದ್ದಾಗ ಛಲೋ, ಟ್ಯಾಂಕರ್ ನೀರು ತೆಳ್ಳಗ ಹೊಡದ್ರ ಇನ್ನೂ ಛಲೋ, ಗಾಲಿ ಹಿಡೀತದ, ಧೂಳು ಏಳಂಗಿಲ್ಲ. ಆದ್ರ ಎರಡ್ನೇ ತಿರುವಿನಾಗ ಮುರುಮ್ ತೆಳ್ಳಗಿತ್ತು, ಕೆಳಗ ಎರಿ ಮಣ್ಣು ಕಾದು ಕುಂತಿತ್ತು. ಇದು ನನಗ ಗೊತ್ತಿತ್ತು, ಇನ್ನೊಂದ್ ಟ್ರ್ಯಾಕ್ಟರ್ ಮುರುಮ್ ಹಾಕಿಸ್ಬೇಕಿತ್ತು, ಹಾಕಿಸ್ಲಿಲ್ಲ.

ಅವತ್ತ 4 ಗಂಟೆಗೆ ಶುರು ಆಗ್ಬೇಕಿದ್ದುದು ಟ್ಯಾಂಕರ್ ತಡ ಆಗಿ 4:40ಕ್ಕ ಶುರು ಆಯ್ತು. ಬಿಸಿಲು ಇನ್ನೂ ಬೆನ್ನು ಸುಡ್ತಿತ್ತು, ಹುಡುಗ್ರು ತೊಯ್ಸಿದ ಟವೆಲ್ ತಲಿ ಮ್ಯಾಲ ಹಾಕ್ಕೊಂಡು ಕುಂತಿದ್ರು. ಮೊದಲ್ನೇ ಸುತ್ತು ಚಂದ ಆಯ್ತು. ಬಿದ್ದವರು ಎದ್ರು, ಮೊಣಕಾಲು ಕೆತ್ತಿದವರಿಗೆ ಅರಿಶಿಣ ಹಚ್ಚಿದ್ವಿ, ಎರಡ್ ಚೈನ್ ಕಳಚಿದ್ವು, ಅಷ್ಟೇ. ನಾಕು ಹೀಟ್ ಆದ ಕೂಡ್ಲೇ ರಿಟೈರ್ ಆದ ಪಿಟಿ ಮಾಸ್ತರ್ ಒಬ್ರು ಬೋರ್ಡ್ ಮ್ಯಾಲ ಪಾಯಿಂಟ್ ಬರೀತಿದ್ರು, ಅವರ ಅಕ್ಷರ ದೂರಿಂದ್ಲೂ ಕಾಣಸ್ತಿತ್ತು, ಅವ್ವಂದ್ರು ಅಪ್ಪಂದ್ರು ಬೋರ್ಡಿನ ಮುಂದೇ ನಿಂತು ಲೆಕ್ಕ ಹಾಕ್ತಿದ್ರು.

ಹೀಟ್ 12 ಹೇಳ್ದೆ ಮುಂದ ಹೋಗ್ಲಾಕ ಬರಂಗಿಲ್ಲ. 4, 7, 10, 13, ಈ ನಾಕು ನಂಬರ್. 10 ಅಂದ್ರ ಅಫಜಲಪುರ ಕಡಿ ಹುಡುಗ, ಸೂಟಿಗೆ ಸೋದರಮಾವನ ಮನಿಗೆ ಬಂದಿದ್ದ, ಸ್ಟಾರ್ಟಿನಾಗ ಅವನಷ್ಟು ಬಿರುಸು ಯಾರೂ ಇರ್ಲಿಲ್ಲ. ಅವ ನನ್ನ ಕೈ ನೋಡ್ತಿದ್ದ. ಎಲ್ಲರೂ ಟೇಪ್ ನೋಡಿದ್ರ ಅವ ಕ್ಲಚ್ ಲಿವರ್ ಮ್ಯಾಲ ನನ್ನ ಬೆರಳು ಬಿಗಿ ಆಗೋದು ನೋಡಿ ಹೊರಡ್ತಿದ್ದ. ನನಗ ಅದು ಹತ್ತನೇ ಹೀಟಿನ ಹೊತ್ತಿಗೆ ತಿಳೀತು, ಆ ಹೀಟಿನಿಂದ ಕೈ ಬೆನ್ನಿನ ಹಿಂದ ಇಟ್ಕೊಂಡೆ. ಹನ್ನೆರಡ್ನೇದ್ರಾಗ ಅವನ ಮುಂದಿನ ಗಾಲಿ ಇಲಾಸ್ಟಿಕ್ಕಿಗೆ ತಾಗಿ ಇಲಾಸ್ಟಿಕ್ ಬಿಲ್ಲಿನಂಗ ಬಾಗ್ತು, ಎಲ್ಲರೂ ನೋಡಿದ್ರು. ಅವ ಹೊರಗ. ಮೂವರ ರೇಸಿನಾಗ 7 ಗೆದ್ದ, 13 ಎರಡ್ನೇದು, 4 ಮೂರ್ನೇದು. 10ಕ್ಕ ಸೊನ್ನಿ.

16 ಹೀಟ್ ಮುಗದಾಗ ಬೋರ್ಡ್ ಹಿಂಗಿತ್ತು: 11ನೇ ನಂಬರ್ 11 ಪಾಯಿಂಟ್, 7ಕ್ಕ 10, 5ಕ್ಕ 9, 13ಕ್ಕ 8, 10ಕ್ಕ 7. ಉಳದವರು ಎಲ್ಲಾ 6 ಅಥವಾ ಅದರ ಕೆಳಗ. ಎಲ್ಲರದೂ ನಾಕು ರೇಸ್ ಆಗಿದ್ವು, ಎಲ್ಲರದೂ ಒಂದೊಂದು ಬಾಕಿ.

ಆಗ ಪಡವಲ ಕಡಿ ಆಕಾಶ ಕಪ್ಪಾಗಿತ್ತು. ರೋಹಿಣಿ ಮಳಿ ಹತ್ತಿ ಎರಡ್ ಮೂರ್ ದಿನ ಆಗಿತ್ತಷ್ಟೇ, ಹನಿ ಇನ್ನೂ ಬಿದ್ದಿರ್ಲಿಲ್ಲ, ಅವತ್ತೇ ಬರ್ತದ ಅಂತ ಗಾಳಿ ವಾಸನಿಗೇ ಗೊತ್ತಾಗ್ತಿತ್ತು. ನಾನು ಮಾಸ್ತರಿಗೆ ಕೇಳಿದೆ, "ಏನ್ ಮಾಡೂಣ್ರಿ ಮಾಸ್ತರ, ನಿಲ್ಲಸೂಣೇನು?" ಅವರು "ಇನ್ನ ನಾಕೇ ಅವ, ಇಪ್ಪತ್ ನಿಮಿಷದ ಕೆಲ್ಸ, ಓಡಿಸಿಬಿಡ್ರಿ" ಅಂದ್ರು. ನಾನು ಹೂಂ ಅಂದೆ. ಇಡೀ ಪ್ರಕರಣದಾಗ ತಪ್ಪು ಆಗಿದ್ದು ಈ ಒಂದ್ ಹೂಂ ಅಂದಾಗ, ಅದು ನನ್ನ ತಪ್ಪು, ಲಿವರ್ ನನ್ನ ಕೈಯಾಗಿತ್ತು. 16ಕ್ಕ ನಿಂತು ಎಲ್ಲಾ ಹುಡುಗರನ್ನ ಅವರ ಮನಿಯವರನ್ನ ಕರದು, "ಮಳಿ ಬಂದ್ರ ಹಿಂಗ, ಬರ್ಲಿಲ್ಲ ಅಂದ್ರ ಹಂಗ" ಅಂತ ಎರಡ್ ಮಾತು ಹೇಳಿದ್ದ್ರ ಸಾಕಿತ್ತು, ಆಗ ಎಲ್ಲರೂ ಸಮ ಇದ್ರು, ಯಾರಿಗೆ ಲಾಭ ಯಾರಿಗೆ ನುಕ್ಸಾನ್ ಅಂತ ಯಾರಿಗೂ ಗೊತ್ತಿರ್ಲಿಲ್ಲ, ಎಲ್ಲರೂ ಕಬೂಲ್ ಮಾಡ್ತಿದ್ರು. ಲಾಭ ನುಕ್ಸಾನ್ ಕಣ್ಣಿಗೆ ಕಂಡ ಮ್ಯಾಲ ನಿಯಮ ಮಾಡ್ಲಾಕ ಹೋದ್ರ ಯಾರ ನಿಯಮನೂ ಯಾರೂ ನಂಬಂಗಿಲ್ಲ.

17ನೇ ಹೀಟಿಗೆ ಹನಿ ಶುರು ಆದ್ವು. 10ನೇ ನಂಬರ್ ಅದ್ರಾಗಿದ್ದ, ಕಡೀ ಅವಕಾಶ, ಗೆದ್ದ. ಅವನ 7 ಪಾಯಿಂಟ್ 10 ಆದ್ವು. 18ನೇದು ಅರ್ಧ ಮಳ್ಯಾಗೇ ಆಯ್ತು, 7ನೇ ನಂಬರ್ ಗೆದ್ದು 13 ಪಾಯಿಂಟಿಗೆ ಹೋದ, ಅವನ ಜಾಗ ಪಕ್ಕಾ. 19ರಾಗ 3, 6, 12, 13, ಈ ನಂಬರ್. ಟೇಪ್ ಹಾರ್ತು, ಮೊದಲ್ನೇ ತಿರುವು ದಾಟಿದ್ರು, ಎರಡ್ನೇ ತಿರುವಿನಾಗ ಮುರುಮ್ ಸರದು ಎರಿ ಮಣ್ಣು ಮ್ಯಾಲ ಬಂದಿತ್ತು, ಮುಂದಿನವ ಜಾರಿದ, ಅವನ ಮ್ಯಾಲ ಹಿಂದಿನವ, ನಾಕೂ ಮಂದಿ ನೆಲಕ್ಕ. ನಾನು ಕೆಂಪು ಬಟ್ಟಿ ಬೀಸಿದೆ. ದೇವರ ದಯಾ, ಯಾರಿಗೂ ಪೆಟ್ಟಾಗಿರ್ಲಿಲ್ಲ. ಸೈಕಲ್ ಎತ್ತಿದ್ರ ಗಾಲಿ ತಿರುಗವಲ್ಲದು, ಫೋರ್ಕಿನ ಸಂದ್ಯಾಗ ಎರಿ ಮಣ್ಣು ಹಿಟ್ಟಿನಂಗ ಮೆತ್ತಿತ್ತು, ಕಡ್ಡಿ ತಗೊಂಡು ತೆಗೀಬೇಕಾಯ್ತು. ಅಷ್ಟೊತ್ತಿಗೆ ಮಳಿ ಜಡೀಲಾಕ ಹತ್ತಿತು, ಎಲ್ಲರೂ ಓಡಿ ಲೇಔಟಿನ ವಾಚ್‌ಮನ್ ಶೆಡ್ಡಿನಾಗ ಸೇರಿದ್ವಿ.

ಶೆಡ್ಡಿನಾಗೇ ಮಾತು ಶುರು ಆಯ್ತು. ಬೋರ್ಡ್ ಮ್ಯಾಲ 7ನೇ ನಂಬರಿಗೆ 13 ಪಾಯಿಂಟ್, 11ಕ್ಕ 11, 10ಕ್ಕ 10, 5ಕ್ಕ 9, 13ಕ್ಕ 8. ಬೀದರದವರಿಗೆ ಸೋಮವಾರ ಮಧ್ಯಾಹ್ನದೊಳಗ ಹೆಸರು ಕಳಿಸ್ಬೇಕು.

10ನೇ ನಂಬರಿನ ಸೋದರಮಾವ ಅಂದ್ರು, "ನೋಡ್ರಿ ಅಣ್ಣಾ, ಬೋರ್ಡ್ ಏನ್ ಹೇಳ್ತದ ಅದೇ ಆಗ್ಲಿ. ನನ್ನ ಅಳಿಯ ಮಳ್ಯಾಗ ಓಡಿ ಗೆದ್ದಾನ, ಗೆದ್ದಿದ್ದನ್ನ ಅಳಸ್ಲಾಕ ಬರ್ತದೇನು?" 13ರ ಅಪ್ಪ ಅಂದ್ರು, "ನಿಮ್ಮ ಹುಡುಗ ಐದ್ ಓಡ್ಯಾನ, ನನ್ನ ಮಗ ನಾಕ್ ಓಡ್ಯಾನ. ಐದಕ್ಕೂ ನಾಕಕ್ಕೂ ಒಂದೇ ತಕ್ಕಡಿ ಹೆಂಗ್ರಿ? 16ಕ್ಕ ಎಲ್ಲಾರೂ ಸಮ ಇದ್ರು, ಅದನ್ನೇ ಹಿಡೀರಿ." ಇಬ್ರೂ ದನಿ ಏರಿಸ್ಲಿಲ್ಲ, ಇಬ್ರೂ ಛಲೋ ಮಂದಿ, ಅದೇ ಹೆಚ್ಚು ಕಷ್ಟ ಆಯ್ತು. ಜಗಳ ಆಗಿದ್ದ್ರ ಒಂದ್ ಕಡಿ ನಿಲ್ಲಬೌದಿತ್ತು.

18ರ ಲೆಕ್ಕ ಹಿಡದ್ರ 10 ಒಳಗ, 13 ಹೊರಗ. 16ರ ಲೆಕ್ಕ ಹಿಡದ್ರ 13 ಒಳಗ, 10 ಹೊರಗ. ಉಳದ ಮೂವರಿಗೆ ಯಾವ ಲೆಕ್ಕದಾಗೂ ಫರಕಿಲ್ಲ. ಯಾರೋ ಒಬ್ರು "ಸರಾಸರಿ ತಗೀರಿ" ಅಂದ್ರು, ಮಾಸ್ತರ್ ಫೋನಿನ ಬೆಳಕಿನಾಗ ತಗದ್ರು. 10 ಓಡಿದ್ದು ಐದು, ಪಾಯಿಂಟ್ 10, ಸರಾಸರಿ 2. 13 ಓಡಿದ್ದು ನಾಕು, ಪಾಯಿಂಟ್ 8, ಸರಾಸರಿ 2. ಶೆಡ್ಡಿನಾಗ ಎಲ್ಲರೂ ಸುಮ್ಮಾದ್ರು, ತಗಡಿನ ಮ್ಯಾಲ ಮಳಿ ಸಪ್ಪಳ ಅಷ್ಟೇ. ಮತ್ತೊಬ್ರು "ಇಬ್ರೂ ಎದುರಾದ ಹೀಟ್ ನೋಡ್ರಿ" ಅಂದ್ರು. ಅದು ಹೀಟ್ 12, ಅದ್ರಾಗ 10 ಓಡೇ ಇಲ್ಲ, ಟೇಪ್ ಮುಟ್ಟಿ ಹೊರಗ ಹೋಗ್ಯಾನ. ಆ ಹೀಟಿನ ಸೊನ್ನಿ ಅವನ ಪಾಯಿಂಟಿನಾಗ ಒಮ್ಮಿ ಕಟ್ ಆಗ್ಯದ, ಅದೇ ತಪ್ಪಿಗೆ ಎರಡ್ ಸಲ ಶಿಕ್ಷಾ ಕೊಡೋದು ನನ್ನ ಮನಸ್ಸಿಗೆ ಬರ್ಲಿಲ್ಲ.

ಆಗ ನಾನು ಎರಡ್ ಸಂಗತಿ ಹೇಳಿದೆ, ಎರಡೂ ಖರೇ ನಡದದ್ದು. ಒಂದು 2015ರ ಏಪ್ರಿಲ್‌ದಾಗ ವಾರ್ಸಾದ ನ್ಯಾಷನಲ್ ಸ್ಟೇಡಿಯಂದಾಗ ಆದ ಸ್ಪೀಡ್‌ವೇ ಗ್ರ್ಯಾಂಡ್ ಪ್ರೀ, ವರ್ಲ್ಡ್ ಚಾಂಪಿಯನ್‌ಶಿಪ್‌ದ ಒಂದ್ ರೌಂಡ್. ದೊಡ್ಡ ಸ್ಟೇಡಿಯಂ, ಪೋಲೆಂಡಿನ ದೊಡ್ಡ ರೈಡರ್ ತೊಮಾಷ್ ಗೊಲ್ಲೊಬ್ ಅವರ ಬೀಳ್ಕೊಡುಗಿ, ತಾತ್ಪೂರ್ತಿಕ ಹಾಕಿದ ಟ್ರ್ಯಾಕ್, ಮತ್ತ ಗೇಟ್ ಕೆಟ್ಟು ಹೋಯ್ತು, ಟೇಪ್ ಬರೋಬರಿ ಏಳವಲ್ಲವು, ಟ್ರ್ಯಾಕೂ ಹಾಳಾಯ್ತು. 12 ಹೀಟಿಗೆ ನಿಲ್ಲಿಸಿ ಅಲ್ಲಿ ತನ ಇದ್ದ ಪಾಯಿಂಟ್ ಮ್ಯಾಲೇ ಸ್ಲೊವೇನಿಯಾದ ಮತೆಯ್ ಝಾಗರ್ ಗೆದ್ದ ಅಂತ ಸಾರಿದ್ರು. ಮಂದಿಗೆ ಸಿಟ್ಟು ಬಂತು, ಆದ್ರ ಲೆಕ್ಕದಾಗ ತಪ್ಪು ಹಿಡೀಲಾಕ ಆಗಂಗಿರ್ಲಿಲ್ಲ, ಯಾಕಂದ್ರ 12 ಅಂದ್ರ ಮೂರು ಸುತ್ತು ಪೂರಾ, ಎಲ್ಲರದೂ ಮೂರ್ ಮೂರ್ ರೇಸ್. ಅವರು ನಾಕರ ಮಗ್ಗಿ ಮ್ಯಾಲ ನಿಂತ್ರು, ನಾವು ನಿಲ್ಲಲಿಲ್ಲ.

ಇನ್ನೊಂದು ಇದಕ್ಕಿಂತ ಹಳೀದು, 1936, ಲಂಡನ್ ವೆಂಬ್ಲಿ, ಮೊದಲ್ನೇ ವರ್ಲ್ಡ್ ಫೈನಲ್. ಆಗ ಕ್ವಾಲಿಫೈಯಿಂಗ್ ರೌಂಡಿನ ಪ್ರಕಾರ ಬೋನಸ್ ಪಾಯಿಂಟ್ ಕೊಟ್ಟು ಅದನ್ನ ಫೈನಲ್‌ಗೆ ಕೂಡಸ್ತಿದ್ರು. ಆಸ್ಟ್ರೇಲಿಯಾದ ಬ್ಲೂಯಿ ವಿಲ್ಕಿನ್ಸನ್ ಫೈನಲ್ ದಿನ ಐದಕ್ಕ ಐದೂ ರೇಸ್ ಗೆದ್ದ, 15 ಪಾಯಿಂಟ್, ಒಬ್ಬನೂ ಅವನ ಮುಂದ ಹೋಗ್ಲಿಲ್ಲ. ಬೋನಸ್ 10 ಕೂಡಿ 25 ಆಯ್ತು. ಅವನದೇ ದೇಶದ ಲಯೊನೆಲ್ ವಾನ್ ಪ್ರಾಗ್ 14ಕ್ಕ 12 ಕೂಡಿ 26. ಇಂಗ್ಲೆಂಡಿನ ಎರಿಕ್ ಲ್ಯಾಂಗ್ಟನ್ 13ಕ್ಕ 13 ಕೂಡಿ ಅವನೂ 26. ಒಂದೂ ಸೋಲದವ ಮೂರ್ನೇದಕ್ಕ ಹೋದ, ಉಳದಿಬ್ರು ರನ್ ಆಫ್, ಅಂದ್ರ ಸಮ ಆದವರ ನಡುವ ಒಂದ್ ಹೆಚ್ಚಿನ ರೇಸ್, ಓಡಿ ವಾನ್ ಪ್ರಾಗ್ ಚಾಂಪಿಯನ್ ಆದ. ವಿಲ್ಕಿನ್ಸನ್ ಚಾಂಪಿಯನ್ ಆಗ್ಲಾಕ 1938ರ ತನ ಕಾಯ್ಬೇಕಾಯ್ತು. ಪಾಯಿಂಟ್ ಲೆಕ್ಕದಾಗ ಮೋಸ ಇರ್ಲಿಲ್ಲ, ನಿಯಮ ಮೊದ್ಲೇ ಬರದಿತ್ತು. ಆದ್ರೂ ಇಷ್ಟು ವರ್ಷ ಆದ ಮ್ಯಾಲೂ ಅದನ್ನ ಓದಿದವರಿಗೆ ಎದಿಯಾಗ ಚುಚ್ಚತದ, ಯಾಕಂದ್ರ ಟ್ರ್ಯಾಕ್ ಮ್ಯಾಲ ಅವತ್ತ ಕಂಡಿದ್ದು ಒಂದು, ಕಾಗದದ ಮ್ಯಾಲ ಆಗಿದ್ದು ಒಂದು. ನಮ್ಮದು ಅದಕ್ಕಿಂತ ಕೆಟ್ಟ ಸ್ಥಿತಿ, ನಮ್ಮ ಹತ್ರ ಬರದಿಟ್ಟ ನಿಯಮನೂ ಇರ್ಲಿಲ್ಲ.

ಇದನ್ನ ಹೇಳ್ದ ಮ್ಯಾಲ ನಾನು ಅಂದಿದ್ದು ಇಷ್ಟು: ಕಾಗದದ ಮ್ಯಾಲ ಒಬ್ಬನನ್ನ ಕಳಿಸಿ ಒಬ್ಬನನ್ನ ಬಿಡೋದು ನನ್ನಿಂದ ಆಗಂಗಿಲ್ಲ. ಮುಗದ ಹೀಟ್ ಮುಗದಂಗೇ, 17 ಮತ್ತ 18 ಅಳಸಂಗಿಲ್ಲ, ಅದು ಮಾಮಾ ಹೇಳಿದ್ದು ಬರೋಬರಿ. 13ರ ರೇಸ್ ಅವನಿಗೆ ಸಿಗ್ಲೇಬೇಕು, ಅದು ಅವರಪ್ಪ ಹೇಳಿದ್ದು ಬರೋಬರಿ. 19ರಾಗ ಬಿದ್ದಿದ್ದು ನೆಲದ ತಪ್ಪಿಗೆ, ಯಾವ ಹುಡುಗನ ತಪ್ಪಿಗೂ ಅಲ್ಲ, ಅದಕ್ಕ ನಾಕೂ ಮಂದಿ ಮತ್ತ ಲೈನಿಗೆ. ಮುಂಜಾನಿ 6:30ಕ್ಕ 19 ಮತ್ತ 20 ಓಡಸೂಣ, ಪಾಯಿಂಟ್ ಸಮ ಆದ್ರ ಇಬ್ಬರದೇ ರನ್ ಆಫ್.

ಇದ್ರಾಗೂ ಒಂದ್ ಅನ್ಯಾಯ ಉಳದಿತ್ತು, ಸೋದರಮಾವ ಅದನ್ನ ಬಿಡ್ಲಿಲ್ಲ. "ನಮ್ಮ ಹುಡುಗ ಮಳ್ಯಾಗ ಓಡಿದ, ಅವರು ಒಣ ನೆಲದಾಗ ಓಡ್ತಾರ." ಖರೇ. ಅದಕ್ಕ ನನ್ನ ಹತ್ರ ಉತ್ತರ ಇರ್ಲಿಲ್ಲ. ಅದೂ ಅಲ್ದೆ ಹುಡುಗನಿಗೆ ಮರುದಿನ 7 ಗಂಟೆ ಬಸ್ಸಿತ್ತು ಅಫಜಲಪುರಕ್ಕ, ರನ್ ಆಫ್ ಬಂದ್ರ ಬಸ್ ತಪ್ತದ, ಬರ್ಲಿಲ್ಲ ಅಂದ್ರ ಸುಮ್ಮ ಬಂದು ನಿಂತಂಗ. ಸೋದರಮಾವ ಹೊರಗ ಹೋಗಿ ಮಳ್ಯಾಗೇ ಅಕ್ಕಗ ಫೋನ್ ಹಚ್ಚಿದ್ರು, ಹತ್ತು ನಿಮಿಷ ಆದ ಮ್ಯಾಲ ಬಂದು "ಅಕ್ಕ ಮಧ್ಯಾಹ್ನದ ಬಸ್ಸಿಗೆ ಕಳಸು ಅಂದಾಳ, ಆಗ್ಲಿ" ಅಂದ್ರು. ಅವರ ಆ ಒಂದ್ ಮಾತಿನ ಮ್ಯಾಲೇ ಎಲ್ಲಾ ನಿಂತಿತ್ತು.

ಮುಂಜಾನಿ 5 ಗಂಟೆಗೆ ನಾವು ಮೂರ್ ಮಂದಿ ಹೋಗಿ ಎರಡ್ನೇ ತಿರುವಿನ ಎರಿ ಮಣ್ಣು ಸಲಿಕೀಲೇ ಕೆತ್ತಿ ತಗದು, ರಸ್ತೆ ಬಾಜೂ ಬಿದ್ದ ಮುರುಮ್ ಬುಟ್ಟೀಲೇ ತಂದು ಹಾಕಿದ್ವಿ. ಹದಿನಾರಕ್ಕ ಹದಿನಾರೂ ಹುಡುಗ್ರು ಬಂದಿದ್ರು, ಓಡೋದು ಎಂಟೇ ಮಂದಿ ಇದ್ರೂ. ಯಾರದೋ ಮನಿಯಿಂದ ಸುಸಲಾ, ಮಿರ್ಚಿ ಭಜಿ ಬಂದಿತ್ತು.

19 ಓಡಿದ್ವಿ. 12ನೇ ನಂಬರಿನ ಹುಡುಗ ಗೆದ್ದ, 13 ಎರಡ್ನೇದು. ಅವನ 8 ಪಾಯಿಂಟಿಗೆ 2 ಕೂಡಿ 10. 10ನೇ ನಂಬರಿನವನ ಸಮ. 20ರಾಗ 11ನೇ ನಂಬರ್ ಗೆದ್ದು 14 ಪಾಯಿಂಟಿಗೆ ಹೋದ, 5ನೇ ನಂಬರ್ ಎರಡ್ನೇದು ಬಂದು 11 ಪಾಯಿಂಟ್. ಮೂರ್ ಜಾಗ ತುಂಬಿದ್ವು, ನಾಕನೇದಕ್ಕ ರನ್ ಆಫ್.

ಟಾಸ್ ಹಾಕಿದ್ವಿ, 10 ಗೆದ್ದು ಒಳಗಿನ ಜಾಗ ತಗೊಂಡ. ನಾನು ಲಿವರ್ ಬೆನ್ನಿನ ಹಿಂದ ಹಿಡಕೊಂಡು ನಿಂತೆ, ಅವರಿಬ್ಬರ ಗಾಲಿ ನನ್ನಿಂದ ಎರಡ್ ಮಾರು ದೂರ. 13ರ ಗಾಲಿ ಸುಣ್ಣದ ಗೆರಿಗೆ ಹತ್ತಿ ನಿಂತಿತ್ತು. 10ರ ಗಾಲಿ ಗೆರಿಯಿಂದ ಎರಡ್ ಗೇಣು ಹಿಂದ ಇತ್ತು. ಹಿಂದಿನ ದಿನದ ಸೊನ್ನಿ ಅವನ ತಲ್ಯಾಗಿತ್ತು. ಎರಡ್ ಗೇಣು ಹಿಂದ ನಿಲ್ಲಲಾಕ ನಿಯಮದಾಗ ಏನೂ ಅಡ್ಡಿ ಇಲ್ಲ, ನಾನು ಬಾಯಿ ಬಿಚ್ಚಂಗಿರ್ಲಿಲ್ಲ, ಬಿಚ್ಚಿದ್ರ ಒಬ್ಬನಿಗೆ ಸಹಾಯ ಮಾಡ್ದಂಗ. ಲಿವರ್ ಹಿಡದೆ. ಟೇಪ್ ಹಾರ್ತು, 13 ಹೋದ, 10 ಇನ್ನೂ ಟೇಪ್ ಮ್ಯಾಲ ಏಳೋದು ನೋಡ್ತಿದ್ದ, ಪೂರಾ ಮ್ಯಾಲ ಹೋಯ್ತು ಅಂತ ಖಾತ್ರಿ ಆದ ಮ್ಯಾಲ ಪೆಡಲ್ ತುಳದ. ನಾಕು ಸುತ್ತು ಬೆನ್ನು ಹತ್ತಿದ, ಕಡೀ ತಿರುವಿನಾಗ ಇಬ್ಬರ ನಡುವ ಒಂದ್ ಸೈಕಲಿನಷ್ಟೂ ಅಂತರ ಇರ್ಲಿಲ್ಲ, ಆದ್ರ ಮುಟ್ಟಲಿಲ್ಲ. 13 ಗೆದ್ದ.

ಇಳದ ಕೂಡ್ಲೇ 13ರ ಅಪ್ಪ ತಮ್ಮ ಮಗನ ಕಡಿ ಹೋಗೋಕಿಂತ ಮೊದ್ಲು 10ರ ಕಡಿ ಹೋಗಿ ಅವನ ಸೈಕಲ್ ಹಿಡಕೊಂಡ್ರು, ಹುಡುಗ ನಿಲ್ಲಲಾಕ ಆಗದಂಗ ದಣದಿದ್ದ. ನಾನು ಅಲ್ಲೇ ಕುಂತು ಬೀದರದವರಿಗೆ ನಾಕು ಹೆಸರು ಕಳಿಸಿದೆ, ಕೆಳಗ ಐದನೇ ಹೆಸರು ರಿಸರ್ವ್ ಅಂತ ಬರದೆ. ಅದು ನಮ್ಮ ಮೊದಲ್ನೇ ಲೆಕ್ಕದಾಗ ಇರ್ಲಿಲ್ಲ. ಆದ್ರ ಸ್ಪೀಡ್‌ವೇದಾಗ ರಿಸರ್ವ್ ಇರೋದೇ ಇಂಥವರ ಸಲುವಾಗಿ, ಒಂದ್ ಮೆಟ್ಟಲು ಕೆಳಗ ನಿಂತವರು. ಬೀದರದವರು ತಕರಾರು ತಗೀಲಿಲ್ಲ, ಯಾದಗಿರಿಯವರೂ ತಮ್ಮ ಒಬ್ಬನನ್ನ 18 ಅಂತ ಕಳಿಸಿದ್ರು. ಮತ್ತ ಅವತ್ತೇ ಸಂಜಿಗೆ ಬೀದರದವರಿಗೆ ಇನ್ನೊಂದ್ ಕಾಗದ ಬರದು ಕಳಿಸಿದೆ, ಮೊದಲ್ನೇ ಹೀಟಿನ ಮುಂಚೆ ಎಲ್ಲರ ಎದುರು ಓದ್ರಿ ಅಂತ: 12ರ ಒಳಗ ನಿಂತ್ರ ಪೂರಾ ಹೊಸದಾಗಿ ಇನ್ನೊಂದ್ ದಿನ, 12 ದಾಟಿ ನಿಂತ್ರ ಬಾಕಿ ಹೀಟ್ ಮರುದಿನ ಮುಂಜಾನಿ, ಮರುದಿನನೂ ಆಗ್ಲಿಲ್ಲ ಅಂದ್ರ ಕಡಿಯಾಗಿ ಪೂರಾ ಆದ ಸುತ್ತಿನ ಪಾಯಿಂಟ್ ಅಷ್ಟೇ ಹಿಡೀಬೇಕು. ಅವರು ಓದಿದ್ರು, ಅವತ್ತ ಮಳಿ ಬರ್ಲಿಲ್ಲ, ಅದು ಬೇಕಾಗ್ಲಿಲ್ಲ.

ಬೀದರದಾಗ ಟ್ರ್ಯಾಕ್ ಕೆಂಪು ಜಂಬಿಟ್ಟಿಗಿ ಮಣ್ಣು, ನೀರು ಬಿದ್ರೂ ಗಾಲಿ ಬಿಡಂಗಿಲ್ಲ, ನಮ್ಮ ಹುಡುಗ್ರು ಇಳದು ಕೈಲೇ ಮುಟ್ಟಿ ಮುಟ್ಟಿ ನೋಡಿದ್ರು. ನಮ್ಮ 11ನೇ ನಂಬರಿನವ 12 ಪಾಯಿಂಟ್ ಮಾಡಿ ಎರಡ್ನೇದು ಬಂದ. ರನ್ ಆಫ್ ಗೆದ್ದ ಹುಡುಗ 6 ಮಾಡಿದ. 17 ನಂಬರ್ ಹಾಕ್ಕೊಂಡ ಅಫಜಲಪುರದ ಹುಡುಗ ಒಂಬತ್ತು ಹೀಟ್ ತನ ಹೆಲ್ಮೆಟ್ ತೊಡಿ ಮ್ಯಾಲ ಇಟ್ಕೊಂಡು ಕುಂತಿದ್ದ. ಹತ್ತನೇದ್ರಾಗ ಯಾದಗಿರಿ ಹುಡುಗ ಒಬ್ಬ ಟೇಪ್ ಮುಟ್ಟಿ ಹೊರಗ ಹೋದ, 17ನೇ ನಂಬರ್ ಅಂತ ಕರದ್ರು. ನಾನು ಬೇಲಿ ಹತ್ರ ನಿಂತಿದ್ದೆ. ಅವ ಮೂರ್ನೇದು ಬಂದ, ಒಂದ್ ಪಾಯಿಂಟ್, ಆದ್ರ ನಾನು ನೋಡಿದ್ದು ಗೆರಿ. ಅವನ ಗಾಲಿ ಗೆರಿಯಿಂದ ನಾಕು ಬೆರಳಷ್ಟೇ ಹಿಂದಿತ್ತು.